ಬೆನ್ನ ಮೇಲೆ ಹೆಸರಿಲ್ಲದ ಕಾವಲಿ

2014ರಲ್ಲಿ ಊರಿನ ಮನೆಗೆ ಹೊಸ ಅಡುಗೆಮನೆ ಕಟ್ಟಿಸಿದೆವು. ತರೀಕೆರೆಗೂ ಭದ್ರಾವತಿಗೂ ನಡುವೆ ಇರುವ ಸಣ್ಣ ಹಳ್ಳಿ ನಮ್ಮದು. ದುಡ್ಡು ಇಲ್ಲಿಂದ ಹೋಗಿತ್ತು. ಟೈಲ್ಸಿನ ಬಣ್ಣ ಯಾವುದಿರಬೇಕೆಂದೂ ಇಲ್ಲಿಂದಲೇ ಫೋನಿನಲ್ಲಿ ಹೇಳಿದ್ದೆ. ಆ ವರ್ಷ ರಜೆಗೆ ಹೋಗುವಾಗ ಒಂದು ದೊಡ್ಡ ಕಾರ್ಟನ್ ತುಂಬ ನಾನ್‌ಸ್ಟಿಕ್ ಪಾತ್ರೆ ಕಟ್ಟಿಕೊಂಡು ಹೋದೆ. ಅಮ್ಮ ಎಲ್ಲವನ್ನೂ ನೋಡಿ, "ಹಾಗಾದರೆ ಈ ಕಬ್ಬಿಣದ ಸಾಮಾನು ಏನು ಮಾಡೋದು?" ಎಂದು ಕೇಳಿದರು. ನಾನು ಯೋಚನೆ ಮಾಡದೆ, "ಗುಜರಿಗೆ ಹಾಕಿ" ಅಂದೆ.

ಒಂದು ದೋಸೆ ಕಾವಲಿ, ಒಂದು ಪಡ್ಡಿನ ಕಾವಲಿ, ಒಂದು ಬಾಣಲೆ. ಗುಜರಿಯವನು ಮೂರನ್ನೂ ತಕ್ಕಡಿಗೆ ಹಾಕಿದ. 11 ಕಿಲೋ ತೂಗಿತು. ಕಿಲೋಗೆ 20 ರೂಪಾಯಿಯಂತೆ 220 ರೂಪಾಯಿ ಕೊಟ್ಟು ಹೋದ. ಅಮ್ಮ ಆ ದುಡ್ಡನ್ನು ದೇವರ ಗೂಡಿನಲ್ಲಿಟ್ಟರು. ನಾನು ಮರೆತೆ.

ಹತ್ತು ವರ್ಷ ಕಳೆದ ಮೇಲೆ ಅದು ನೆನಪಾದದ್ದು ಊರಿನಲ್ಲೂ ಅಲ್ಲ, ಇಲ್ಲಿ ಗಲ್ಫಿನಲ್ಲೂ ಅಲ್ಲ. ಅಮೆರಿಕದ ಲಿವರ್‌ಮೋರ್ ಎಂಬ ಊರಿನಲ್ಲಿ.

ಲಿವರ್‌ಮೋರಿನ ಒಂದು ಶನಿವಾರ

ನನ್ನ ತಂಗಿಯ ಸಂಸಾರ ಅಲ್ಲಿದೆ. 2024ರಲ್ಲಿ ಮೂರು ವಾರ ಅವರ ಮನೆಯಲ್ಲಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದ, ದ್ರಾಕ್ಷಿ ತೋಟಗಳ ನಡುವಿನ ಊರು ಅದು. ನಮ್ಮವರಿಗೆ ಲಿವರ್‌ಮೋರ್ ಎಂದರೆ ಅಲ್ಲಿನ ಶಿವ–ವಿಷ್ಣು ದೇವಸ್ಥಾನ. ವಿಜ್ಞಾನ ಓದಿದವರಿಗೆ 1952ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಯೋಗಾಲಯ. 116ನೇ ಮೂಲಧಾತುವಿಗೆ ಲಿವರ್‌ಮೋರಿಯಂ ಎಂದು ಹೆಸರು ಬಂದದ್ದು ಆ ಪ್ರಯೋಗಾಲಯದಿಂದ. ಊರಿಗೆ ಆ ಹೆಸರು ಬಂದದ್ದು ಮಾತ್ರ ರಾಬರ್ಟ್ ಲಿವರ್‌ಮೋರ್ ಎಂಬ ಇಂಗ್ಲಿಷ್ ನಾವಿಕನಿಂದ. ಹಡಗು ಬಿಟ್ಟು ಬಂದು, ಮೆಕ್ಸಿಕೋ ಆಡಳಿತದ ಕಾಲದಲ್ಲಿ ಅಲ್ಲಿ ದನ ಸಾಕಿಕೊಂಡು ನೆಲೆನಿಂತವನು ಅವನು. ದೂರದ ದೇಶದಿಂದ ಬಂದು ದುಡಿದವನ ಹೆಸರೇ ಊರಿನ ಹೆಸರಾಗಿದೆ.

ಆ ಶನಿವಾರ ತಂಗಿಯ ಬೀದಿಯಲ್ಲೇ ಒಂದು ಮನೆಯವರು ಹಳೆ ಸಾಮಾನುಗಳನ್ನು ಅಂಗಳದಲ್ಲಿ ಮೇಜು ಹಾಕಿ ಮಾರುತ್ತಿದ್ದರು. ಗ್ಯಾರೇಜ್ ಸೇಲ್ ಎನ್ನುತ್ತಾರೆ. ವಯಸ್ಸಾದ ಹೆಂಗಸೊಬ್ಬರು ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಿದ್ದರು. ಮೇಜಿನ ಮೇಲೆ ಒಂದು ಕಪ್ಪು ಕಬ್ಬಿಣದ ಬಾಣಲೆ ಇತ್ತು. ನಮ್ಮ ದೋಸೆ ಕಾವಲಿಗೆ ಎರಡು ಇಂಚು ಅಂಚು, ಒಂದು ಗಿಡ್ಡ ಹಿಡಿ ಸೇರಿಸಿದರೆ ಹೇಗೋ ಹಾಗೆ. ಅದಕ್ಕೆ 60 ಡಾಲರ್ ಎಂದು ಚೀಟಿ ಅಂಟಿಸಿದ್ದರು. ಗಲ್ಫ್‌ನವರ ತಲೆ ಹೇಗೆ ಓಡುತ್ತದೆ ಎಂದು ನಿಮಗೆ ಗೊತ್ತು. ಡಾಲರನ್ನು ದಿರ್ಹಮಿಗೆ, ದಿರ್ಹಮನ್ನು ರೂಪಾಯಿಗೆ ಮನಸ್ಸಿನಲ್ಲೇ ಬದಲಿಸಿದೆ. 220 ದಿರ್ಹಮ್. ಸುಮಾರು 5000 ರೂಪಾಯಿ. 220 ಎಂಬ ಅಂಕಿಯ ಹತ್ತಿರ ನನ್ನ ಲೆಕ್ಕ ನಿಂತುಹೋಯಿತು.

ಆಸ್ಪತ್ರೆಯ ಫಾರ್ಮಸಿಯಲ್ಲಿ 20 ವರ್ಷ ದುಡಿದವನಿಗೆ ಒಂದು ಚಾಳಿ ಇರುತ್ತದೆ. ಕೈಗೆ ಏನು ಸಿಕ್ಕರೂ ತಿರುಗಿಸಿ ಹಿಂಬದಿ ಓದುವುದು. ಬಾಣಲೆಯನ್ನೂ ತಿರುಗಿಸಿದೆ. ಬೆನ್ನ ಮೇಲೆ ಒಂದು ವೃತ್ತದೊಳಗೆ ಇನ್ನೊಂದು ವೃತ್ತ, ಅದರೊಳಗೆ ಶಿಲುಬೆ, ಶಿಲುಬೆಯ ಮೇಲೆ ಗ್ರಿಸ್ವೋಲ್ಡ್ ಎಂಬ ಹೆಸರು, ಕೆಳಗೆ ಈರಿ ಎಂಬ ಊರಿನ ಹೆಸರು, ಇನ್ನೂ ಕೆಳಗೆ 704 ಎಂಬ ಸಂಖ್ಯೆ. ತಯಾರಕರ ಹೆಸರು, ಊರು, ನಂಬರು. ನಾವು ಔಷಧಿ ಬಾಟಲಿಯ ಮೇಲೆ ಹುಡುಕುವ ವಿವರಗಳೇ ಇವು.

ಆ ಹೆಂಗಸು ಹೇಳಿದರು, "ಅದು ನನ್ನ ಗಂಡನ ಅಜ್ಜಿಯದು. ಮದುವೆಗೆ ಉಡುಗೊರೆ ಬಂದದ್ದು." ನಾನು ಕೊಳ್ಳಲಿಲ್ಲ. ಆದರೆ ಉಳಿದ ರಜೆಯಲ್ಲಿ ಬಿಡುವಾದಾಗಲೆಲ್ಲ ಈ ಬಾಣಲೆಗಳ ಕಥೆಯನ್ನೇ ಓದಿದೆ.

ಬೆನ್ನು ಓದುವ ವಿದ್ಯೆ

ಎರಕದ ಕಬ್ಬಿಣವನ್ನು ನಮ್ಮ ಕಡೆ ಬೀಡು ಎನ್ನುತ್ತೇವೆ. ಅಪ್ಪಟ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದರಲ್ಲಿ ಶೇಕಡ 2ರಿಂದ 4ರಷ್ಟು ಇಂಗಾಲ ಬೆರೆತರೆ 1200 ಡಿಗ್ರಿಯ ಸುಮಾರಿಗೇ ನೀರಾಗುತ್ತದೆ, ಅಚ್ಚಿಗೆ ಸುರಿಯಬಹುದು. ಚೀನಾದವರು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಇದನ್ನು ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿ ಎಂಬಾತ 1707ರಲ್ಲಿ ಮರಳಿನ ಅಚ್ಚಿನಲ್ಲಿ ಅಗ್ಗದ ಕಬ್ಬಿಣದ ಮಡಕೆ ಎರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಆಮೇಲೆ ಬಡವರ ಮನೆಗೂ ಬೀಡಿನ ಪಾತ್ರೆ ಬಂತು.

ಅಮೆರಿಕದಲ್ಲಿ ಮೂರು ಹೆಸರು ಮುಖ್ಯ. ಪೆನ್ಸಿಲ್ವೇನಿಯಾದ ಈರಿ ಪಟ್ಟಣದಲ್ಲಿ 1865ರಲ್ಲಿ ಶುರುವಾದ ಗ್ರಿಸ್ವೋಲ್ಡ್. ಮೊದಲು ಅವರು ಮಾಡುತ್ತಿದ್ದದ್ದು ಬಾಗಿಲ ತಿರುಗಣಿ. ಓಹಾಯೋದ ಸಿಡ್ನಿಯಲ್ಲಿ 1891ರಲ್ಲಿ ಶುರುವಾದ ವ್ಯಾಗ್ನರ್. ಟೆನೆಸಿಯ ಸೌತ್ ಪಿಟ್ಸ್‌ಬರ್ಗ್‌ನಲ್ಲಿ 1896ರಲ್ಲಿ ಜೋಸೆಫ್ ಲಾಡ್ಜ್ ಆರಂಭಿಸಿದ ಎರಕದ ಮನೆ. ಅದು 1910ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದರು, ಇಂದೂ ಲಾಡ್ಜ್ ಹೆಸರಿನಲ್ಲೇ ನಡೆಯುತ್ತಿದೆ. ಲಿವರ್‌ಮೋರ್ ಕಣಿವೆಗೆ 1869ರಲ್ಲಿ ರೈಲು ಬಂತು. ಪೂರ್ವದ ಕಾರ್ಖಾನೆಗಳ ಇಂಥ ಭಾರದ ಸಾಮಾನು ಅಲ್ಲಿನ ಅಡುಗೆಮನೆ ತಲುಪಲು ದಾರಿಯಾದದ್ದು ಅದೇ.

ಹಳೆಯದನ್ನು ಗುರುತಿಸುವ ಕ್ರಮ ಹೀಗೆ. ಬಾಣಲೆಯ ಬೆನ್ನ ಮೇಲೆ ಒಂದು ಉಬ್ಬಿದ ಗೆರೆ, ಗಾಯ ಮಾಗಿದ ಗುರುತಿನ ಹಾಗೆ ಅಡ್ಡಲಾಗಿ ಇದ್ದರೆ ಅದು ಸಾಮಾನ್ಯವಾಗಿ 1890ಕ್ಕಿಂತ ಹಿಂದಿನದು. ಆಗ ಕರಗಿದ ಕಬ್ಬಿಣವನ್ನು ಬೆನ್ನಿನ ಕಡೆಯಿಂದ ಸುರಿಯುತ್ತಿದ್ದರು. ಸುರಿದ ಬಾಯಿಯನ್ನು ಮುರಿದು ತೆಗೆದಾಗ ಉಳಿದ ಗುರುತು ಅದು. ಆಮೇಲೆ ಅಂಚಿನಿಂದ ಸುರಿಯುವ ಪದ್ಧತಿ ಬಂತು, ಬೆನ್ನು ಖಾಲಿಯಾಯಿತು, ಆ ಜಾಗದಲ್ಲಿ ಹೆಸರು ಬಂತು. ಮೂರು ಕಾಲುಗಳಿದ್ದರೆ ಅದು ಇನ್ನೂ ಹಿಂದಿನ, ಒಲೆಯ ಕೆಂಡದ ಮೇಲಿಡುವ ಪಾತ್ರೆ. ಬೆನ್ನಿನ ಅಂಚಿನಲ್ಲಿ ತೆಳುವಾದ ಬಳೆಯಂಥ ಏಣು ಇದ್ದರೆ ಅದು ಸೌದೆ ಒಲೆಯ ಕಾಲದ್ದು. ಆ ಕಬ್ಬಿಣದ ಒಲೆಗಳ ಮೇಲೆ ದುಂಡನೆಯ ಮುಚ್ಚಳ ತೆಗೆದ ತೂತುಗಳಿರುತ್ತಿದ್ದವು. ಬಾಣಲೆ ಆ ತೂತಿನ ಮೇಲೆ ಅಲುಗದೆ ಕೂರಲಿ ಎಂದು ಆ ಬಳೆ. ಬಾಣಲೆಯ ಮೇಲಿನ 8 ಎಂಬ ಸಂಖ್ಯೆಯೂ ಇಂಚು ಅಲ್ಲ, ಒಲೆಯ ತೂತಿನ ಅಳತೆಗೆ ಸೇರಿದ್ದು. 8ನೇ ನಂಬರಿನ ಬಾಣಲೆಯ ಬಾಯಿ ಸುಮಾರು ಹತ್ತೂವರೆ ಇಂಚು ಇರುತ್ತದೆ.

ಮುಂದಿನ ಗುರುತು ಒಳಮೈ. ಹಳೆಯವನ್ನು ಎರೆದ ಮೇಲೆ ಉಜ್ಜಿ ನುಣುಪು ಮಾಡುತ್ತಿದ್ದರು. ಈಗಿನವು ಮರಳಿನ ತರಿ ಹಾಗೇ ಉಳಿದು ಒರಟಾಗಿರುತ್ತವೆ, ತೂಕವೂ ಹೆಚ್ಚು. ಲೋಗೋ ನೋಡಿಯೂ ಕಾಲ ಹೇಳುತ್ತಾರೆ. ನಾನು ಕಂಡಂಥ ದೊಡ್ಡ ನೇರ ಅಕ್ಷರದ ಗ್ರಿಸ್ವೋಲ್ಡ್ ಗುರುತು 1920ರಿಂದ 1940ರ ನಡುವಿನದು. ಓರೆ ಅಕ್ಷರದ್ದು ಅದಕ್ಕಿಂತ ಹಿಂದಿನದು, ಚಿಕ್ಕ ಲೋಗೋ ಇರುವುದು ನಂತರದ್ದು. ಮೇಡ್ ಇನ್ ಯುಎಸ್ಎ ಎಂದು ಕೆತ್ತಿದ್ದರೆ ಬಹುತೇಕ 1960ರ ಈಚಿನದು.

ಇಲ್ಲೊಂದು ಮೋಸಹೋಗುವ ಜಾಗ ಇದೆ. ಕೆಲವು ಬಾಣಲೆಗಳ ಮೇಲೆ ವ್ಯಾಗ್ನರ್ಸ್ 1891 ಒರಿಜಿನಲ್ ಎಂದು ಇರುತ್ತದೆ. ನೋಡಿದವರು 130 ವರ್ಷದ ಹಳೆಯದೆಂದು ಕುಣಿಯುತ್ತಾರೆ. ಅದು ಕಂಪನಿಯ ನೂರನೇ ವರ್ಷಕ್ಕೆ, 1991ರಲ್ಲಿ ಹೊರಬಂದ ಮಾಲು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಂಗಡಿಯ ಬೋರ್ಡಿನ ಮೇಲಿನ ಸ್ಥಾಪನೆಯ ವರ್ಷವನ್ನು ಮಾತ್ರೆ ತಯಾರಾದ ದಿನಾಂಕ ಎಂದು ಓದಿದ ಹಾಗೆ.

ನಕಲಿಗಳೂ ಇವೆ. ಅಸಲಿ ಬಾಣಲೆಯನ್ನೇ ಮರಳಿನಲ್ಲಿ ಒತ್ತಿ ಅಚ್ಚು ಮಾಡಿ ಹೊಸದು ಎರೆಯುತ್ತಾರೆ. ಆದರೆ ಕರಗಿದ ಕಬ್ಬಿಣ ಆರುವಾಗ ಸುಮಾರು ಶೇಕಡ 1ರಷ್ಟು ಕುಗ್ಗುತ್ತದೆ. ಹಾಗಾಗಿ 10 ಇಂಚಿನ ಬಾಣಲೆಯ ನಕಲು ಒಂದು ಇಂಚಿನ ಹತ್ತನೇ ಒಂದು ಭಾಗ ಚಿಕ್ಕದಾಗಿರುತ್ತದೆ. ಅಕ್ಷರಗಳೂ ಮಸುಕಾಗಿ, ಅಂಚು ಒರಟಾಗಿ ಇರುತ್ತವೆ. ಅಳತೆ ಟೇಪು ಇದ್ದವನಿಗೆ ಮೋಸ ಮಾಡುವುದು ಕಷ್ಟ.

ಬೆಲೆ ಎಲ್ಲಿಂದ ಬರುತ್ತದೆ?

ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. 8ನೇ ನಂಬರಿನ ಬಾಣಲೆ ಅಮೆರಿಕದ ಮನೆಮನೆಯಲ್ಲೂ ಇತ್ತು, ಆದ್ದರಿಂದ ಅದರ ಬೆಲೆ ಕೆಲವು ಹತ್ತು ಡಾಲರ್‌ಗಳಲ್ಲೇ ಇರುತ್ತದೆ. ಗ್ರಿಸ್ವೋಲ್ಡ್‌ನ 13ನೇ ನಂಬರಿನದು ಅಪರೂಪ. ಸಂಗ್ರಾಹಕರು ಅದಕ್ಕೆ ಸಾವಿರ ಡಾಲರ್ ಕೊಟ್ಟದ್ದೂ ಇದೆ. 13 ಅಶುಭ ಸಂಖ್ಯೆ ಎಂದು ಆಗ ಜನ ಕೊಳ್ಳಲಿಲ್ಲವಂತೆ. ಅಂದಿನ ಮೂಢನಂಬಿಕೆಯೇ ಇಂದಿನ ಬೆಲೆ.

ಆಮೇಲೆ ಸ್ಥಿತಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ಸದ್ದು ಬರಬೇಕು. ಮೊಂಡು ಸದ್ದು ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಗಾಜಿನ ಮೇಲಿಟ್ಟಾಗ ಲಟಪಟ ಅಲುಗಿದರೆ ತಳ ಸೊಟ್ಟಗಾಗಿದೆ. ಮೈ ಮೇಲೆ ಕೆಂಪು ಛಾಯೆಯ ಪೊರೆ ಕಂಡರೆ ಬೆಂಕಿಗೆ ಬಿದ್ದು ಬೆಂದದ್ದು, ಅದರ ಮೇಲೆ ಎಣ್ಣೆ ಮತ್ತೆ ಸರಿಯಾಗಿ ಕಟ್ಟುವುದಿಲ್ಲ. ತುಕ್ಕು ಮಾತ್ರ ಹೆದರುವಂಥದ್ದಲ್ಲ, ಅದು ಹೋಗುತ್ತದೆ.

ಬೆನ್ನ ಮೇಲೆ ಹೆಸರೇ ಇಲ್ಲದ ಬಾಣಲೆಗಳು ಅಮೆರಿಕದಲ್ಲೂ ಬೇಕಾದಷ್ಟಿವೆ. ಆದರೂ ಅವರು ಗುರುತು ಹಿಡಿಯುತ್ತಾರೆ. ತಳದ ಬಳೆಯಲ್ಲಿ ಮೂರು ಕಚ್ಚು ಇದ್ದರೆ ಲಾಡ್ಜ್‌ನ ಹಳೆಯ ಮಾಲು ಎಂಬುದು ಅಂಥ ಒಂದು ಗುರುತು. ಇದು ಹೇಗೆ ಸಾಧ್ಯವಾಯಿತು? ಆ ಕಂಪನಿಗಳ ಹಳೆಯ ಕ್ಯಾಟಲಾಗುಗಳನ್ನು ಯಾರೋ ಎಸೆಯದೆ ಇಟ್ಟಿದ್ದರು. ಸಂಗ್ರಾಹಕರು ಸಂಘ ಕಟ್ಟಿಕೊಂಡು ಸಾವಿರಾರು ಬಾಣಲೆ ಅಳೆದು, ಚಿತ್ರ ತೆಗೆದು, ಪುಸ್ತಕ ಮಾಡಿದರು. ಕಬ್ಬಿಣಕ್ಕೆ ಬೆಲೆ ತಂದದ್ದು ಆ ಬರವಣಿಗೆ.

ಇನ್ನೊಂದು ಉದಾಹರಣೆ ಲಿವರ್‌ಮೋರಿನಲ್ಲೇ ಇದೆ. ಅಲ್ಲಿನ 6ನೇ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿರುವ ಒಂದು ವಿದ್ಯುತ್ ಬಲ್ಬ್ ಇದೆ. ಈಗ ಅದರ ಬೆಳಕು ಸುಮಾರು 4 ವಾಟ್, ರಾತ್ರಿ ದೀಪದಷ್ಟು. ತಂಗಿಯ ಮಕ್ಕಳು ಕರೆದುಕೊಂಡು ಹೋಗಿ ತೋರಿಸಿದರು. ಬಲ್ಬಿನ ಮೇಲೆ 1901 ಎಂದು ಬರೆದಿಲ್ಲ. 1972ರಲ್ಲಿ ಅಲ್ಲಿನ ಪತ್ರಿಕೆಯ ವರದಿಗಾರರೊಬ್ಬರು ಊರಿನ ಹಿರಿಯರನ್ನು ಕಂಡು, ಈ ಬಲ್ಬ್ ಕೊಟ್ಟವರು ಯಾರು, ಯಾವಾಗ, ಮೊದಲು ಎಲ್ಲಿ ನೇತುಹಾಕಿದ್ದರು ಎಂದು ಕೇಳಿ ಬರೆದರು. ಅವರು ಕೇಳದೆ ಇದ್ದಿದ್ದರೆ ಅದು ಯಾವತ್ತೋ ಬದಲಾಯಿಸಬಹುದಾದ ಒಂದು ಮಂಕು ಬಲ್ಬು.

ನಮ್ಮ ಕಾವಲಿಯ ಹಿಂದಿನ ಕಥೆ

ಬಲ್ಬ್ ನೋಡಿ ಬಂದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯ ಕಾವಲಿ ಎಷ್ಟು ಹಳೆಯದಿತ್ತು? ಯಾರು ಮಾಡಿದ್ದರು? ಭದ್ರಾವತಿಯ ಹೊಗೆ ನೋಡಿಕೊಂಡೇ ಬೆಳೆದ ನನಗೆ ಉತ್ತರ ಗೊತ್ತಿರಲಿಲ್ಲ.

ಕರ್ನಾಟಕದಲ್ಲಿ ಕಬ್ಬಿಣದ ಕೆಲಸ ಬಹಳ ಹಳೆಯದು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಬ್ರಿಟಿಷರ ಕಡೆಯಿಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯಲ್ಲಿ ಊರೂರು ಸುತ್ತಿದ. ಮಾಗಡಿ, ಮಧುಗಿರಿ ಕಡೆ ಕಬ್ಬಿಣ ಮತ್ತು ಉಕ್ಕು ಮಾಡುವವರನ್ನು ಕಂಡು ಅವರ ಕುಲುಮೆ, ತಿದಿ, ಇದ್ದಿಲುಗಳ ವಿವರ ಬರೆದಿಟ್ಟ. ಆದರೆ ಆ ಕುಲುಮೆಗಳಲ್ಲಿ ಕಬ್ಬಿಣ ನೀರಾಗುತ್ತಿರಲಿಲ್ಲ. ಸ್ಪಂಜಿನಂಥ ಮುದ್ದೆಯಾಗಿ ಬರುತ್ತಿತ್ತು. ಅದನ್ನು ಬಡಿದು ಬಡಿದು ಕುಡುಗೋಲು, ನೇಗಿಲ ಗುಳ, ಬಾಣಲೆ ಮಾಡುತ್ತಿದ್ದರು. ಆದ್ದರಿಂದ ನಮ್ಮ ಕಡೆ ಬಹಳ ಹಳೆಯ ಕಬ್ಬಿಣದ ಪಾತ್ರೆ ಎಂದರೆ ಅದು ಬಡಿದ ಪಾತ್ರೆ, ಎರೆದದ್ದಲ್ಲ. ಯಾರಾದರೂ ಬೀಡಿನ ಪಡ್ಡಿನ ಕಾವಲಿ ತೋರಿಸಿ ಇದು ವಿಜಯನಗರ ಕಾಲದ್ದು ಎಂದರೆ ನಂಬಬೇಡಿ.

ದಕ್ಷಿಣ ಭಾರತದಲ್ಲಿ ಕಬ್ಬಿಣವನ್ನು ಕಾರ್ಖಾನೆಯ ಮಟ್ಟದಲ್ಲಿ ಕರಗಿಸಿ ಎರೆಯುವ ಪ್ರಯತ್ನ 1830ರ ಸುಮಾರಿಗೆ ತಮಿಳುನಾಡಿನ ಪೋರ್ಟೊ ನೋವೊದಲ್ಲಿ, ಆಮೇಲೆ ಮಲಬಾರಿನ ಬೇಪೂರಿನಲ್ಲಿ ನಡೆಯಿತು. ಎರಡೂ ಉಳಿಯಲಿಲ್ಲ. ನಮ್ಮಲ್ಲಿ ದೊಡ್ಡದಾಗಿ ನಡೆದದ್ದು ಭದ್ರಾವತಿಯಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೊಳೆತ ಯೋಜನೆ, ಮೈಸೂರು ಕಬ್ಬಿಣದ ಕಾರ್ಖಾನೆಯಾಗಿ 1923ರ ಜನವರಿಯಲ್ಲಿ ಆರಂಭವಾಯಿತು. ಅದಿರು ಬಂದದ್ದು ಬಾಬಾಬುಡನ್ ಬೆಟ್ಟ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲು ಹತ್ತಿರದಲ್ಲಿ ಇಲ್ಲದ ಕಾರಣ ಮಲೆನಾಡಿನ ಮರವನ್ನೇ ಇದ್ದಿಲು ಮಾಡಿ ಉರಿಸಿದರು. ಆ ಮರವನ್ನು ಮುಚ್ಚಿದ ಭಟ್ಟಿಯಲ್ಲಿ ಬೇಯಿಸಿ ಮರದ ಸ್ಪಿರಿಟ್, ಡಾಂಬರು ಮುಂತಾದವನ್ನೂ ತೆಗೆಯುತ್ತಿದ್ದರು. ಫಾರ್ಮಸಿ ಡಿಪ್ಲೊಮಾ ಓದುವಾಗ ಮಿಥೈಲ್ ಆಲ್ಕೋಹಾಲಿಗೆ ಮರದ ಸ್ಪಿರಿಟ್ ಎಂಬ ಹೆಸರೂ ಇದೆ ಎಂದು ಬಾಯಿಪಾಠ ಮಾಡಿದ್ದೆ. ಅದು ನಮ್ಮ ಮನೆಯ ಪಕ್ಕದ ಊರಿನಲ್ಲೇ ತಯಾರಾಗುತ್ತಿತ್ತೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ.

1920ರ ದಶಕದಲ್ಲಿ ಭಾರತದ ಬೀಡು ಕಬ್ಬಿಣ ಹಡಗೇರಿ ಅಮೆರಿಕಕ್ಕೂ ಹೋಗುತ್ತಿತ್ತು. ಈರಿಯಲ್ಲಿ ಗ್ರಿಸ್ವೋಲ್ಡ್ ದೊಡ್ಡ ಅಕ್ಷರದ ಲೋಗೋ ಹಾಕಿ ಬಾಣಲೆ ಮಾರುತ್ತಿದ್ದದ್ದೂ ಅದೇ ಕಾಲದಲ್ಲಿ. ನಮ್ಮಲ್ಲಿ ಬೀಡನ್ನು ಕೊಂಡು ಕಾವಲಿ ಎರೆದ ಸಣ್ಣ ಎರಕದ ಮನೆಗಳವರು ಹೆಸರು ಕೆತ್ತುವ ಗೋಜಿಗೆ ಹೋಗಲಿಲ್ಲ. ಕಾರಣ ಸರಳ. ಅಮೆರಿಕದ ಕಂಪನಿ ಸಾವಿರ ಮೈಲಿ ಆಚೆಯ ಅಪರಿಚಿತನಿಗೆ ಮಾರಬೇಕಿತ್ತು, ಹೆಸರು ಬೇಕಿತ್ತು. ನಮ್ಮ ಕಾವಲಿ ಸಂತೆಯಲ್ಲಿ ಮಾರಾಟವಾಗುತ್ತಿತ್ತು. ಮಾರುವವನ ಮುಖವೇ ಲೇಬಲ್ಲು. ತೂತಿದ್ದರೆ ಮುಂದಿನ ವಾರ ತಂದು ಅವನ ಮುಂದೆಯೇ ಇಡಬಹುದಿತ್ತು.

ಹಾಗಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. 2014ರಲ್ಲಿ ಗುಜರಿಯವನು ನಮಗೆ ಮೋಸ ಮಾಡಲಿಲ್ಲ. ಹೆಸರಿಲ್ಲದ, ಕಾಲ ಗೊತ್ತಿಲ್ಲದ 11 ಕಿಲೋ ಬೀಡಿಗೆ ಮಾರುಕಟ್ಟೆಯಲ್ಲಿ ಅಷ್ಟೇ ಬೆಲೆ. ಗುಜರಿಗೆ ಹೋದ ಬೀಡು ಮತ್ತೆ ಎರಕದ ಮನೆಗೇ ಹೋಗುತ್ತದೆ. ಬೆಳಗಾವಿಯದ್ದೋ ಕೊಲ್ಹಾಪುರದ್ದೋ ಕೊಯಮತ್ತೂರಿನದ್ದೋ ಕುಲುಮೆಯಲ್ಲಿ ಕರಗಿ, ಪಂಪಿನ ಭಾಗವೋ ಚರಂಡಿಯ ಮುಚ್ಚಳವೋ ಆಗುತ್ತದೆ. ನಮ್ಮ ಅಜ್ಜಿಯ ದೋಸೆ ಕಾವಲಿಯ ಮೇಲೆ ಇವತ್ತು ಯಾವುದೋ ಊರಿನಲ್ಲಿ ಲಾರಿ ಹಾದುಹೋಗುತ್ತಿರಬಹುದು. ಕಬ್ಬಿಣ ನಷ್ಟವಾಗಲಿಲ್ಲ. ನಷ್ಟವಾದದ್ದು, ಅದು ಎಲ್ಲಿಂದ ಬಂತು ಎಂದು ಕೇಳಲು ಇದ್ದ ಒಂದು ನೆಪ.

ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ, ಅದರ ನೂರನೇ ವರ್ಷದಲ್ಲೇ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅಷ್ಟು ದೊಡ್ಡ ಕಾರ್ಖಾನೆಯ ಚರಿತ್ರೆ ಬರೆಯುವವರು ಇದ್ದಾರೆ. ನಮ್ಮ ಅಡುಗೆಮನೆಯ ಚರಿತ್ರೆ ಬರೆಯುವವರು ನಾವೇ.

ಊರಿನಲ್ಲಿ ಸಿಕ್ಕಿದ್ದನ್ನು ಗುರುತಿಸುವುದು ಹೇಗೆ?

ನಿಮ್ಮ ಮನೆಯಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಹೀಗೆ ನೋಡಿ. ಅಯಸ್ಕಾಂತ ಅಂಟದಿದ್ದರೆ ಅದು ಬಹುಶಃ ಅಲ್ಯೂಮಿನಿಯಂ, ಕಬ್ಬಿಣ ಅಲ್ಲ. ಅಂಟಿದರೆ, ಅದು ಬಡಿದದ್ದೋ ಎರೆದದ್ದೋ ನೋಡಿ. ಮೈ ಮೇಲೆ ಸುತ್ತಿಗೆಯ ಚಿಕ್ಕ ಚಿಕ್ಕ ತಗ್ಗುಗಳು, ಮೊಳೆ ಹೊಡೆದು ಕೂರಿಸಿದ ಹಿಡಿ ಇದ್ದರೆ ಬಡಿದದ್ದು, ಕಮ್ಮಾರರ ಕೆಲಸ. ಹಿಡಿ ಅಥವಾ ಕಿವಿ ಪಾತ್ರೆಯ ಜೊತೆಗೇ ಒಂದಾಗಿ, ಬೆನ್ನು ಮರಳಿನಂತೆ ತರಿತರಿಯಾಗಿ ಇದ್ದರೆ ಎರೆದದ್ದು. ಅಂಚಿನಲ್ಲೋ ಬೆನ್ನಲ್ಲೋ ಒಂದು ಕಡೆ ಉಜ್ಜಿದ ಗುರುತು ಇರುತ್ತದೆ, ಕಬ್ಬಿಣ ಸುರಿದ ಬಾಯಿ ಅದು. ಕೆಳಗೆ ಹಾಕಿ ಮಾತ್ರ ಪರೀಕ್ಷೆ ಮಾಡಬೇಡಿ. ಬಡಿದದ್ದು ಬಗ್ಗುತ್ತದೆ, ಬೀಡು ಒಡೆಯುತ್ತದೆ. ಪಡ್ಡಿನ ಕಾವಲಿಯಾದರೆ ಗುಳಿ ಎಷ್ಟು, ಒಳಮೈ ಎಷ್ಟು ನುಣುಪು ಎಂದು ನೋಡಿ. ನಮ್ಮ ಕಾವಲಿಗಳ ನುಣುಪು ಕಾರ್ಖಾನೆಯ ಯಂತ್ರದ್ದಲ್ಲ, ವರ್ಷಗಟ್ಟಲೆ ಮೊಗಚುವ ಕೈ ಮಾಡಿದ್ದು.

ವೃತ್ತಿಧರ್ಮವಾಗಿ ನಾಲ್ಕು ಎಚ್ಚರಿಕೆ ಹೇಳಲೇಬೇಕು. ಒಂದು, ಎಲ್ಲಿಂದ ಬಂತೆಂದು ಗೊತ್ತಿಲ್ಲದ ಹಳೆ ಬಾಣಲೆಯಲ್ಲಿ ಅಡುಗೆ ಮಾಡಬೇಡಿ. ಸೀಸ 327 ಡಿಗ್ರಿಗೇ ಕರಗುತ್ತದೆ. ಗಾಳದ ಗುಂಡು, ಬಂದೂಕಿನ ಗುಂಡು ಎರೆಯಲು ಜನ ಇಂಥ ಬಾಣಲೆಗಳಲ್ಲೇ ಸೀಸ ಕರಗಿಸುತ್ತಿದ್ದರು. ಅನುಮಾನ ಇದ್ದರೆ ಗೋಡೆಗೆ ತೂಗುಹಾಕಿ, ಒಲೆಗೆ ಬೇಡ. ಎರಡು, ಹಳೆ ಕಿಟ್ಟ ತೆಗೆಯಲು ಕೆಲವರು ಕಾಸ್ಟಿಕ್ ಸೋಡಾ ಬಳಸುತ್ತಾರೆ. ಕೈಗವಸು, ಕನ್ನಡಕ ಬೇಕೇ ಬೇಕು. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಲೇಬಾರದು. ಮಕ್ಕಳಿರುವ ಮನೆಯಲ್ಲಿ, ಶೇರಿಂಗ್ ರೂಮಿನಲ್ಲಿ ಈ ಕೆಲಸವೇ ಬೇಡ. ಉಪ್ಪು, ನಾರು, ತಾಳ್ಮೆ ಸಾಕು. ಮೂರು, ಹುಣಸೆಹುಳಿಯ ಸಾರನ್ನು ಕಬ್ಬಿಣದಲ್ಲಿ ಮಾಡಿ ಹಾಗೇ ಬಿಡಬೇಡಿ. ನಾಲ್ಕು, ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಆಹಾರಕ್ಕೆ ಕಬ್ಬಿಣದ ಅಂಶ ಸೇರುವುದು ನಿಜ. ಇಥಿಯೋಪಿಯಾದ ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಬ್ಬಿಣದ ಪಾತ್ರೆಯ ಊಟ ಉಂಡವರಲ್ಲಿ ರಕ್ತಹೀನತೆ ಅಲ್ಯೂಮಿನಿಯಂ ಪಾತ್ರೆಯವರಿಗಿಂತ ಕಡಿಮೆಯಾಗಿತ್ತು. ಹಾಗೆಂದು ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಕಾವಲಿ ನೆಚ್ಚಬೇಡಿ. ಥಲಸ್ಸೇಮಿಯಾದಂತಹ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿಯೇ ಬಳಸಿ.

ಇಲ್ಲಿಗೆ ತರುವುದಾದರೆ ಬಟ್ಟೆಯಲ್ಲಿ ಸುತ್ತಿ ಲಗೇಜಿಗೆ ಹಾಕಿ, ಹ್ಯಾಂಡ್ ಬ್ಯಾಗಿನಲ್ಲಿ ಬೇಡ. ಇಲ್ಲಿನ ಕಡಲ ಗಾಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ತೊಳೆದ ಕೂಡಲೇ ಒಲೆ ಮೇಲಿಟ್ಟು ಒಣಗಿಸಿ, ಒಂದು ಹನಿ ಎಣ್ಣೆ ಸವರಿ.

ಉಳಿದ ಒಂದು

ಈ ವರ್ಷ ಊರಿಗೆ ಹೋದಾಗ ಚಿಕ್ಕಮ್ಮನ ಮನೆಯ ಅಟ್ಟದಲ್ಲಿ ಒಂದು ಪಡ್ಡಿನ ಕಾವಲಿ ಸಿಕ್ಕಿತು. ಅಜ್ಜಿಯ ಕಾಲದ್ದೇ, ಪಾಲಾದಾಗ ಅವರ ಪಾಲಿಗೆ ಹೋದದ್ದು. ತಿರುಗಿಸಿದೆ. ಮಸಿ ಕೆರೆದೆ. ಹೆಸರಿಲ್ಲ, ನಂಬರಿಲ್ಲ. ಗುಳಿ 7, ತೂಕ 3 ಕಿಲೋ 400 ಗ್ರಾಂ. ಅಂಚಿನಲ್ಲಿ ಬೆರಳಗಲದಷ್ಟು ಮುಕ್ಕಾಗಿತ್ತು.

ನನ್ನ ಕೆಲಸದಲ್ಲಿ ಲೇಬಲ್ ಇಲ್ಲದ ಬಾಟಲಿ ಸಿಕ್ಕರೆ ಎಸೆಯಬೇಕು, ಅದು ನಿಯಮ. ಇಲ್ಲಿ ಹಾಗೆ ಮಾಡಲಾಗಲಿಲ್ಲ. ನೋಟ್‌ಬುಕ್ ತೆಗೆದುಕೊಂಡು ಅಮ್ಮನನ್ನೂ ಚಿಕ್ಕಮ್ಮನನ್ನೂ ಜಗಲಿಯ ಮೇಲೆ ಕೂರಿಸಿದೆ. ಅಮ್ಮ ಹೇಳಿದರು, ನಾನು ಹುಟ್ಟುವ ಹಿಂದಿನ ವರ್ಷ ತರೀಕೆರೆ ಸಂತೆಯಲ್ಲಿ ಅಜ್ಜಿ ಹಾಲು ಮಾರಿದ ದುಡ್ಡಿನಲ್ಲಿ ಕೊಂಡದ್ದು ಎಂದು. ಚಿಕ್ಕಮ್ಮ ಒಪ್ಪಲಿಲ್ಲ. ಅದಕ್ಕೂ ಮೊದಲೇ, ಭದ್ರಾವತಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಜ್ಜನ ಕಡೆಯ ನೆಂಟರೊಬ್ಬರು ತಂದುಕೊಟ್ಟದ್ದು ಎಂದರು. ಅಂಚು ಮುಕ್ಕಾದದ್ದು ಹೇಗೆ ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಬಾವಿಕಟ್ಟೆಯ ಮೇಲೆ ಬೀಳಿಸಿದ್ದು ನನ್ನ ಅಪ್ಪ, ತಾವು ಬೀಳಿಸಿದ್ದೆಂದು ಅಜ್ಜಿಯ ಹತ್ತಿರ ಬೈಸಿಕೊಂಡದ್ದು ಅಮ್ಮ. ಅಪ್ಪ ತೀರಿಕೊಂಡು 16 ವರ್ಷವಾಯಿತು. ಈ ಸಂಗತಿ ನನಗೆ ಆವತ್ತೇ ಗೊತ್ತಾದದ್ದು.

ಎರಡೂ ಕಥೆ ಬರೆದುಕೊಂಡೆ. ಯಾವುದು ಸರಿ ಎಂದು ತೀರ್ಮಾನಿಸಲಿಲ್ಲ. ತೂಕ, ಅಳತೆ, ಫೋಟೊ, ಹೇಳಿದವರ ಹೆಸರು, ಹೇಳಿದ ದಿನಾಂಕ ಹಾಕಿ, ಒಂದು ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿಟ್ಟು ಕಾವಲಿಯ ಕಿವಿಗೆ ದಾರದಲ್ಲಿ ಕಟ್ಟಿದೆ. ಚಿಕ್ಕಮ್ಮ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಕಾವಲಿಗೆ ಎಣ್ಣೆ ಸವರಿ ಪಡ್ಡು ಹಾಕಿದರು. ಮೊದಲ ಹದಿನಾಲ್ಕು ಅಂಟಿಕೊಂಡು ಹಾಳಾದವು. ಮೂರನೇ ಸರದಿಗೆ ಸರಿಯಾಗಿ ಎದ್ದುಬಂದವು.

ಮುಂದಿನ ರಜೆಗೆ ಹೋಗುವಾಗ ಉಡುಗೊರೆಗಳ ಜೊತೆ ಬ್ಯಾಗಿನಲ್ಲಿ ಒಂದು ಅಳತೆ ಟೇಪು, ಒಂದು ನೋಟ್‌ಬುಕ್ ಇರಲಿ. ಗುಜರಿಯವನು ಬರುವ ಮೊದಲು ಅಟ್ಟ ಹತ್ತಿ ನೋಡಿ. ಸಿಕ್ಕಿದ್ದನ್ನು ಹಿಡಿದುಕೊಂಡು ಹಿರಿಯರ ಹತ್ತಿರ ಹೋಗಿ, ಇದು ಎಲ್ಲಿಂದ ಬಂತು ಎಂದು ಕೇಳಿ. ಅವರು ಇರುವಾಗಲೇ ಕೇಳಿ.